ನಾಲ್ಕು ಕಡ್ಡಿ ಸಿಗ್ನಲ್ಲು

ನಾಲ್ಕು ದಿನಗಳಿಂದ ವಿಡಿಯೊ ಕಾಲ್ ಮಾಡಿದಾಗಲೆಲ್ಲ ತಂಗಿ ಫೋನಿನ ಪರದೆಯ ಮೇಲೆ ಬಾಯಿ ಅರ್ಧ ತೆರೆದುಕೊಂಡು, ಕೈಯಲ್ಲಿದ್ದ ಸೌಟನ್ನು ಹಾಗೇ ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು. ಇತ್ತ ರೈಲಿನಲ್ಲಿ ಕುಳಿತ ಅಣ್ಣ "ಹಲೋ, ಹಲೋ, ಕೇಳಿಸ್ತಿದೆಯಾ?" ಎಂದು ಬಾಯಿ ಬಡಿದುಕೊಳ್ಳುವುದು, ಅತ್ತ ಅವಳು ಗರಬಡಿದವಳಂತೆ ಇದ್ದಲ್ಲೇ ಇರುವುದು, ಕೊನೆಗೆ ಫೋನು ಕಟ್ಟಾಗುವುದು. ಹತ್ತು ನಿಮಿಷಕ್ಕೆ ಅವಳಿಂದ ಮೆಸೇಜು ಬರುತ್ತಿತ್ತು: "ಅಣ್ಣಾ, ನಿನ್ನ ಕಡೆ ನೆಟ್ ಸರಿ ಇಲ್ಲ. ಯಾರ ಹತ್ರಾದ್ರೂ ತೋರಿಸ್ಕೋ." ತೊಂದರೆ ಶುರುವಾದದ್ದು ಈ ಮೆಸೇಜಿನಿಂದ.

ಅಣ್ಣ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದವರು. ಬೆಳಕಿನ ಹಲಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಬಾಟಲಿಗಳು ಸಾಲಾಗಿ ಹರಿದು ಬರುತ್ತವೆ. ಒಂದೊಂದಕ್ಕೆ ಎರಡು ಸೆಕೆಂಡು. ಅಷ್ಟರಲ್ಲಿ ಗುಳ್ಳೆಯೋ ಬಿರುಕೋ ಸೊಟ್ಟ ಕುತ್ತಿಗೆಯೋ ಏನಿದ್ದರೂ ಕಂಡುಹಿಡಿದು, ಆ ಬಾಟಲಿಯನ್ನು ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿ ಹೋದ ಗುಳ್ಳೆಯಿಲ್ಲ. ಕಾರ್ಖಾನೆಯಲ್ಲಿ ಅವರಿಗೆ ಭೂತಗನ್ನಡಿ ಎಂದೇ ಹೆಸರು. ಎದುರಿಗೆ ಹಾಗೆ ಕರೆಯುವಷ್ಟು ಸಲುಗೆ ಯಾರಿಗೂ ಇಲ್ಲದ ಕಾರಣ ಬೆನ್ನ ಹಿಂದೆ ಕರೆಯುತ್ತಾರೆ. ನಾವೂ ಗೌರವಕ್ಕೆ ಒಂದು 'ಅವರು' ಸೇರಿಸಿ ಹಾಗೇ ಕರೆಯೋಣ.

ಭೂತಗನ್ನಡಿಯವರಿಗೆ ಮದುವೆಯಾಗಿಲ್ಲ, ಅಂಥ ಕಣ್ಣಿಟ್ಟುಕೊಂಡವರಿಗೆ ಆಗುವುದೂ ಕಷ್ಟ. ತಮ್ಮವರು ಅಂತ ಇರುವುದು ಬೇರೆ ಊರಿನಲ್ಲಿರುವ ಈ ತಂಗಿ ಒಬ್ಬಳೇ. ಕಾರ್ಖಾನೆಯ ಗೇಟಿನಲ್ಲಿ ಫೋನು ಒಪ್ಪಿಸಿ ಒಳಗೆ ಹೋಗಬೇಕು. ಸಂಜೆ ಅವರು ಹೊರಗೆ ಬರುವ ಹೊತ್ತಿಗೆ ತಂಗಿ ಎರಡನೇ ಪಾಳಿಯ ಕೆಲಸದಲ್ಲಿರುತ್ತಾಳೆ. ಹೀಗಾಗಿ ಅಣ್ಣ ತಂಗಿ ಒಬ್ಬರಿಗೊಬ್ಬರು ಸಿಗುವುದು ಬೆಳಿಗ್ಗೆ ಏಳು ಐವತ್ತರ ರೈಲಿನಲ್ಲಿ, ಎಂಟು ಹತ್ತರಿಂದ ಎಂಟೂವರೆಯ ತನಕ, ಇಪ್ಪತ್ತೇ ನಿಮಿಷ. ದಿನದ ಉಳಿದ ಹೊತ್ತಿನಲ್ಲಿ ಭೂತಗನ್ನಡಿಯವರು ಮಾತಾಡುವುದು ಕಡಿಮೆ. ಮಾತಾಡಲು ಎದುರಿಗೆ ಯಾರಾದರೂ ಇರಬೇಕಲ್ಲ.

ಈ ವಾರ ಅವರ ಹತ್ತಿರ ಒಂದು ಸುದ್ದಿಯಿತ್ತು. ಗಾಜು ಕರಗಿಸುವ ಕುಲುಮೆಯ ಒಳಗೋಡೆ ಸವೆದುಹೋಗಿ, ಅದನ್ನು ಆರಿಸಿ ಹೊಸ ಇಟ್ಟಿಗೆ ಕಟ್ಟಬೇಕಾಗಿ ಬಂದಿತ್ತು. ಶನಿವಾರದಿಂದ ಎಲ್ಲರಿಗೂ ಹದಿನೈದು ದಿನ ರಜೆ. ಉಳಿದವರು ಕುಣಿದಾಡಿದರು. ಭೂತಗನ್ನಡಿಯವರಿಗೆ ಮಾತ್ರ, ಆ ಹದಿನೈದು ದಿನ ಒಂಟಿ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರುವುದನ್ನು ನೆನೆದರೆ ನಿಜಕ್ಕೂ ಭಯವಾಗುತ್ತಿತ್ತು. "ರಜೆಗೆ ನಿಮ್ಮನೆಗೆ ಬರಲಾ?" ಎಂದು ತಂಗಿಯನ್ನು ಕೇಳಬೇಕು, ಅಷ್ಟೆ. ಆದರೆ ನೇರವಾಗಿ ಕೇಳಿ ಅಭ್ಯಾಸವಿಲ್ಲ. ಆರೋಗ್ಯ, ಮಕ್ಕಳ ಪರೀಕ್ಷೆ ಎಲ್ಲ ವಿಚಾರಿಸಿ ಮೆಲ್ಲಗೆ ರಜೆಯ ಕಡೆಗೆ ಹೊರಳುವಷ್ಟರಲ್ಲಿ ರೈಲು ಎತ್ತರದ ಕಟ್ಟಡಗಳ ಸಾಲಿನೊಳಗೆ ನುಗ್ಗುತ್ತಿತ್ತು, ತಂಗಿ ಸೌಟು ಹಿಡಿದು ನಿಂತುಬಿಡುತ್ತಿದ್ದಳು. ಸೋಮವಾರದಿಂದ ಗುರುವಾರದವರೆಗೂ ಇದೇ ಕತೆ.

ಅವಳು ಬೇಡ ಅನ್ನುವ ಪ್ರಶ್ನೆಯೇ ಇರಲಿಲ್ಲ. ಹೋದ ಸಲ ಹೋಗಿದ್ದಾಗ ತಮ್ಮಿಂದ ಆ ಮನೆಗೆ ಎಷ್ಟು ಉಪಕಾರವಾಗಿತ್ತೆಂದು ಅವರಿಗೆ ಚೆನ್ನಾಗಿ ನೆನಪಿದೆ. ಅಡುಗೆಮನೆಯ ಹನ್ನೆರಡು ಗಾಜಿನ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಹನ್ನೊಂದನ್ನು ತೆಗೆದುಹಾಕಿಸಿದ್ದರು. ಗೋಡೆಯಲ್ಲಿ ಬಿರುಕಿದ್ದ ಕಡೆಯೆಲ್ಲ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದರು. ತಂಗಿಯ ಗಂಡ ತಲೆಗೆ ಬಣ್ಣ ಹಚ್ಚಿಕೊಂಡಾಗ ಎಡಕಿವಿಯ ಹಿಂದೆ ಸ್ವಲ್ಪ ಬಿಟ್ಟುಹೋಗಿದ್ದನ್ನು, ಅವನ ಆಫೀಸಿನವರು ಊಟಕ್ಕೆ ಬಂದಿದ್ದಾಗ ತೋರಿಸಿಕೊಟ್ಟಿದ್ದರು. ಈ ಸಲ ಕಿಟಕಿ ಬಾಗಿಲುಗಳನ್ನು ನೋಡಿಕೊಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು.

ಅಂತೂ ಶುಕ್ರವಾರ ಬಂತು. ಇವತ್ತು ಕೇಳದಿದ್ದರೆ ಇನ್ನಿಲ್ಲ.

ಆ ರೈಲಿನ ಮೂರನೇ ಬೋಗಿಯಲ್ಲಿ ಹನ್ನೊಂದು ವರ್ಷದಿಂದ ಅವವೇ ಮುಖಗಳು, ಅವವೇ ಸೀಟುಗಳು. ಎದುರಿಗೆ ಟೈಲರು, ಅಂಗಿಯ ಎದೆಯ ಮೇಲೆ ಗುಂಡುಸೂಜಿಗಳ ಸಾಲು. ಅವನ ಪಕ್ಕ ತೊಡೆಯ ಮೇಲೆ ದಪ್ಪ ಬ್ಯಾಗಿಟ್ಟುಕೊಂಡ ವಿಮೆ ಏಜೆಂಟ್. ಕಿಟಕಿಗೆ ಒಬ್ಬ ಹೆಡ್ ನರ್ಸು. ಭೂತಗನ್ನಡಿಯವರ ಮಗ್ಗುಲಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಕಿವಿಯಲ್ಲಿ ಸದಾ ಇಯರ್‌ಫೋನು. ಇವರ ಕಸುಬನ್ನೆಲ್ಲ ಭೂತಗನ್ನಡಿಯವರು ನೋಡಿಯೇ ಪತ್ತೆ ಹಚ್ಚಿದ್ದು. ಒಬ್ಬರನ್ನೊಬ್ಬರು ಮಾತಾಡಿಸುವ ರೂಢಿ ಆ ಬೋಗಿಯಲ್ಲಿರಲಿಲ್ಲ; ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡುತ್ತಿದ್ದರು.

ಹಿಂದಿನ ದಿನವೇ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ ವಾಕ್ಯವನ್ನು ಭೂತಗನ್ನಡಿಯವರು ಗಂಟಲು ಸರಿಮಾಡಿಕೊಂಡು ಹೊರಗೆ ಬಿಟ್ಟರು. "ಇಲ್ಲಿ ಯಾರಿಗಾದ್ರೂ... ಅಂದ್ರೆ ಈ ಫೋನಲ್ಲಿ ನೆಟ್ ಸರಿಯಾಗಿ ಬರೋ ಹಾಗೆ ಮಾಡೋದು ಯಾರಿಗಾದ್ರೂ ಗೊತ್ತಾ?"

ಗೊತ್ತಿಲ್ಲ ಅನ್ನುವ ಜಾತಿಯೇ ಅಲ್ಲ ವಿಮೆ ಏಜೆಂಟ್. ಹನ್ನೊಂದು ವರ್ಷದಿಂದ ಈ ಗಳಿಗೆಗೆ ಕಾದಿದ್ದವನಂತೆ ಮುಂದಕ್ಕೆ ಬಾಗಿದ. "ಕೊಡಿ ಇಲ್ಲಿ. ಏನ್ ತೊಂದ್ರೆ?"

"ತಂಗಿ ಜೊತೆ ಮಾತಾಡ್ತಾ ಇದ್ದ ಹಾಗೆ ನಿಂತುಹೋಗುತ್ತೆ."

"ಏರೋಪ್ಲೇನ್ ಮೋಡ್ ಹಾಕಿ ತೆಗೀರಿ. ಹತ್ತು ಸಲ ಹಾಕಿ ತೆಗೀರಿ. ಟವರ್‌ಗೆ ನಾವು ಇದೀವಿ ಅಂತ ನೆನಪಾಗುತ್ತೆ."

ಹಾಕಿ ತೆಗೆದರು. ಒಂದು ಕಡ್ಡಿ ಇದ್ದದ್ದು ಒಂದೇ ಇತ್ತು.

"ಅದು ಕವರ್ ರೀ," ಎಂದಳು ನರ್ಸಮ್ಮ ಕಿಟಕಿಯಿಂದ ತಲೆ ತಿರುಗಿಸಿ. "ಇಷ್ಟು ದಪ್ಪ ಕವರ್ ಹಾಕಿದ್ರೆ ಅದಕ್ಕೂ ಉಸಿರು ಕಟ್ಟುತ್ತೆ. ಬಿಚ್ಚಿ ಅದನ್ನ."

ಬಿಚ್ಚಿದರು. ಕವರಿನೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಒಂದು ಚೀಟಿ ನರ್ಸಮ್ಮನ ಕಾಲ ಬಳಿ ಬಿತ್ತು. ಆಸ್ಪತ್ರೆಯಲ್ಲಿ ಚೀಟಿ ಕಂಡರೆ ಗಟ್ಟಿಯಾಗಿ ಓದಿ ಅಭ್ಯಾಸವಾದ ಆಕೆ ಎತ್ತಿಕೊಂಡು ಓದಿಯೇಬಿಟ್ಟಳು. "ಆರೋಗ್ಯ. ಮಕ್ಕಳ ಪರೀಕ್ಷೆ. ನಲ್ಲಿಯ ವಾಷರ್. ನಗುವುದು. ರಜೆ."

ಭೂತಗನ್ನಡಿಯವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮಾತಾಡೋಕೆ ಅಂತ ಗುರುತು ಹಾಕಿಟ್ಟಿದ್ದೆ. ಮರೆತು ಹೋಗುತ್ತೆ ನೋಡಿ."

"ನಗೋದನ್ನೂ ಬರ್ಕೊಂಡಿದೀರಾ?" ಎಂದ ಟೈಲರು.

"ಅದೇ ಹೆಚ್ಚು ಮರೆತು ಹೋಗೋದು."

ಯಾರೂ ನಗಲಿಲ್ಲ. ನರ್ಸಮ್ಮ ಚೀಟಿಯನ್ನು ಇದ್ದ ಹಾಗೇ ಮಡಿಸಿ, ಅವರ ಅಂಗಿಯ ಜೇಬಿಗೆ ತಾನೇ ತುರುಕಿದಳು. ಅವರ ಅಂಗಿಗೆ ಬೇರೆಯವರ ಕೈ ತಾಗಿ ಎಷ್ಟು ದಿನವಾಗಿತ್ತೋ.

"ಸಿಮ್ ತೆಗೆದು ಒರೆಸಿ ಹಾಕ್ಬೇಕು," ಎಂದು ಟೈಲರು ಮುಂದೆ ಬಂದ. ಎದೆಯಿಂದ ಒಂದು ಗುಂಡುಸೂಜಿ ಕಿತ್ತು ಫೋನಿನ ಪಕ್ಕದ ತೂತಿಗೆ ಚುಚ್ಚಿದ. ಪುಟ್ಟ ತಟ್ಟೆ ಹೊರಗೆ ಬಂತು. ಸಿಮ್ಮನ್ನು ಬೆರಳ ತುದಿಗೆ ತೆಗೆದುಕೊಂಡು, ಬಟ್ಟೆಯ ಚೂರಿನಿಂದ ಉಜ್ಜಿ, "ನೋಡಿ, ಕನ್ನಡಿ ಆಯ್ತು" ಎಂದು ಎತ್ತಿ ತೋರಿಸಿದ. ಅದೇ ಗಳಿಗೆಗೆ ರೈಲು ಹಳಿ ಬದಲಿಸಿ ಒಂದು ಕುಲುಕು ಕುಲುಕಿತು. ಟೈಲರನ ಬೆರಳು ಇದ್ದಲ್ಲೇ ಇತ್ತು, ಸಿಮ್ ಇರಲಿಲ್ಲ.

"ಯಾರೂ ಕಾಲು ಎತ್ಬೇಡಿ!" ಎಂದು ಕೂಗಿದಳು ನರ್ಸಮ್ಮ. ಮರುಕ್ಷಣ, "ಅಲ್ಲಲ್ಲ, ಎಲ್ಲಾರೂ ಕಾಲು ಎತ್ತಿ! ನೆಲ ನೋಡ್ಬೇಕು!"

ಬೋಗಿಗೆ ಬೋಗಿಯೇ ಕಾಲೆತ್ತಿತು. ವಿಮೆ ಏಜೆಂಟ್ ಮಂಡಿಯೂರಿ ಸೀಟಿನ ಕೆಳಗೆ ನುಗ್ಗಿದ. ಟೈಲರು ಅಳತೆಯ ಟೇಪಿನಿಂದ ನೆಲ ಗುಡಿಸಿದ. ದೂರದಲ್ಲಿ ಕೂತಿದ್ದವರು "ಏನಂತೆ? ಯಾರ್ದೋ ಹಲ್ಲು ಬಿತ್ತಂತೆ" ಎಂದು ಸುದ್ದಿ ದಾಟಿಸಿದರು. ಯಾರೋ ಪುಣ್ಯಾತ್ಮರು ಒಂದು ಅಂಗಿ ಗುಂಡಿಯನ್ನೂ, ಇನ್ನೊಬ್ಬರು ಒಂದು ಮಾತ್ರೆಯನ್ನೂ ತಂದು ಭೂತಗನ್ನಡಿಯವರ ಅಂಗೈಯಲ್ಲಿಟ್ಟರು. ಗಡಿಯಾರ ಎಂಟು ದಾಟಿ ಎಂಟು ನಿಮಿಷ ತೋರಿಸುತ್ತಿತ್ತು.

ಆಗ ಅವರು ಎದ್ದು ನಿಂತರು. ಕೆಲಸದ ಸ್ಟೂಲಿನ ಮೇಲೆ ಕೂತಾಗ ಮಾಡುವ ಹಾಗೆ ಕಣ್ಣು ಸ್ವಲ್ಪ ಕಿರಿದು ಮಾಡಿ, ಎಡದಿಂದ ಬಲಕ್ಕೆ ಒಂದು ಸಲ ನೋಟ ಹರಿಸಿದರು. "ಟೈಲರ್ ಮಾಸ್ಟ್ರೇ, ಅಲ್ಲಾಡ್ಬೇಡಿ. ಬಲಗಾಲು, ಪ್ಯಾಂಟಿನ ಮಡಿಕೆ."

ಮಡಿಕೆಯೊಳಗೆ, ಉಗುರಿನಷ್ಟಗಲ ಸಿಮ್ಮು ತಣ್ಣಗೆ ಮಲಗಿತ್ತು.

ಬೋಗಿ ಹೋ ಎಂದಿತು. "ಏನ್ ಕಣ್ಣು ರೀ ನಿಮ್ದು! ಏನ್ ಕೆಲಸ ಮಾಡ್ತೀರಿ?" ಎಂದ ವಿಮೆ ಏಜೆಂಟ್ ಸೀಟಿನ ಕೆಳಗಿಂದ.

"ಬಾಟಲಿ ನೋಡ್ತೀನಿ. ಗಾಜಿಂದು. ಗುಳ್ಳೆ ಇದೆಯಾ ಅಂತ."

"ಹನ್ನೊಂದು ವರ್ಷದಿಂದ ಜೊತೆಗೆ ಹೋಗ್ತಾ ಇದೀವಿ, ಗೊತ್ತೇ ಇರ್ಲಿಲ್ಲ ನೋಡಿ!"

"ನೀವು ಕೇಳ್ಲಿಲ್ಲ," ಎಂದರು ಭೂತಗನ್ನಡಿಯವರು. ತಪ್ಪು ಹೊರಿಸಿದ ಹಾಗಾಯಿತೇನೋ ಎಂದು "ನಾನೂ ಹೇಳ್ಲಿಲ್ಲ" ಎಂದು ಸೇರಿಸಿದರು. ಮುಖ ಯಾಕೋ ಬಿಸಿಯಾಗಿತ್ತು. ಇಷ್ಟು ಜನ ಒಟ್ಟಿಗೆ ತಮ್ಮ ಕಡೆ ನೋಡಿದ್ದು ಅವರಿಗೆ ನೆನಪಿಲ್ಲ.

ಸಿಮ್ ಒಳಗೆ ಹೋಯಿತು. ಈ ಗಲಾಟೆಯಿಂದ ಬೇಸತ್ತೋ ಏನೋ, ಬ್ಯಾಂಕಿನ ಹೆಣ್ಣುಮಗಳು ಒಂದು ಕಿವಿಯ ಇಯರ್‌ಫೋನು ಕಿತ್ತು, ಫೋನು ಇಸಿದುಕೊಂಡು ಎರಡು ಕಡೆ ಒತ್ತಿದಳು. "ಹಳೇ ನೆಟ್‌ವರ್ಕಿಗೇ ಕಟ್ಟಿಹಾಕಿದ್ರಿ. ಡೇಟಾ ಸೇವರ್ ಬೇರೆ ಆನ್ ಇತ್ತು. ಈಗ ಬರುತ್ತೆ ಅಂಕಲ್." ಒಂದು ಕಡ್ಡಿ ಎರಡಾಯಿತು, ಎರಡು ಮೂರಾಯಿತು.

ಇಷ್ಟು ಸುಲಭಕ್ಕೆ ಮುಗಿದರೆ ತನ್ನ ಮರ್ಯಾದೆ ಏನಾದೀತು ಎಂದು ವಿಮೆ ಏಜೆಂಟ್ ಎದ್ದು ನಿಂತ. "ನೋಡಿ ಎಲ್ಲಾರೂ, ನೆಟ್ಟು ಅಂದ್ರೆ ನಲ್ಲಿ ನೀರಿದ್ದ ಹಾಗೆ. ಎಲ್ಲಾರೂ ಒಟ್ಟಿಗೆ ತಿರುಗಿಸಿದ್ರೆ ಯಾರಿಗೂ ಬರಲ್ಲ. ಇವ್ರು ತಂಗಿ ಹತ್ರ ಮಾತಾಡ್ಬೇಕು. ಇಪ್ಪತ್ತು ನಿಮಿಷ ಎಲ್ಲಾರೂ ಡೇಟಾ ಆಫ್ ಮಾಡಿ!"

ಒಬ್ಬೊಬ್ಬರಾಗಿ ಆಫ್ ಮಾಡಿದರು. ನಾಲ್ಕನೇ ಕಡ್ಡಿ ಮೂಡಿತು. ಅದು ಅವರು ಆಫ್ ಮಾಡಿದ್ದಕ್ಕೋ, ರೈಲು ಟವರಿನ ಹತ್ತಿರ ಬಂದದ್ದಕ್ಕೋ, ಆ ಚರ್ಚೆ ನಮಗೆ ಬೇಡ. ಫೋನಿನಲ್ಲಿ ನೋಡಲು ಏನೂ ಉಳಿಯದ ಬೋಗಿಯವರೆಲ್ಲ ಭೂತಗನ್ನಡಿಯವರ ಫೋನನ್ನೇ ನೋಡುತ್ತಾ ಕೂತರು.

ಎಂಟು ಹದಿನೈದಕ್ಕೆ ತಂಗಿ ಪರದೆಯ ಮೇಲೆ ಬಂದಳು. ಇಷ್ಟು ದಿನ ಚೌಕ ಚೌಕವಾಗಿ ಕಲಸಿಹೋಗುತ್ತಿದ್ದ ಮುಖ ಇವತ್ತು ತೊಳೆದಿಟ್ಟ ಗಾಜಿನಂತೆ ಸ್ವಚ್ಛವಾಗಿತ್ತು. ಕಿವಿಯ ಮುಂದಿನ ಬಿಳಿಕೂದಲು, ಕೆನ್ನೆಗೆ ಅಂಟಿದ ಹಿಟ್ಟು, ಹಿಂದೆ ಒಲೆಯ ಮೇಲೆ ಪಾತ್ರೆ. ತಮ್ಮ ಬೆನ್ನ ಮೇಲೆ ಕೂತು ಆಡುತ್ತಿದ್ದ ಹುಡುಗಿಗೆ ಯಾವಾಗ ಇಷ್ಟು ವಯಸ್ಸಾಯಿತು ಎಂದು ಭೂತಗನ್ನಡಿಯವರಿಗೆ ಗೊತ್ತೇ ಆಗಿರಲಿಲ್ಲ.

"ಆರಾಮಾಗಿದೀಯೇನೇ?"

"ಹೂಂ ಅಣ್ಣ. ಏನಿದ್ರೂ ಇವತ್ತು ಬೇಗ ಹೇಳು, ಕೆಲಸ ಇದೆ."

ಆರೋಗ್ಯ ಆಯಿತು. ಪರೀಕ್ಷೆ ಆಯಿತು. ನಲ್ಲಿಯ ವಾಷರ್ ಆಯಿತು. ನರ್ಸಮ್ಮ ಮೊಣಕೈಯಿಂದ ತಿವಿದು "ನಗೋದು" ಎಂದು ಪಿಸುಗುಟ್ಟಿದಳು, ನಕ್ಕರು. ಇಡೀ ಬೋಗಿ ಕೊರಳು ಚಾಚಿ ಕಾಯುತ್ತಿತ್ತು.

"ಅಲ್ಲ ಕಣೇ, ನಾಳೆಯಿಂದ ನಮ್ ಕಾರ್ಖಾನೆಗೆ ಹದಿನೈದು ದಿನ ರಜೆ. ಅದಕ್ಕೇ ನಾನು..."

ತಂಗಿ ನಿಂತುಹೋದಳು. ಬಾಯಿ ಅರ್ಧ ತೆರೆದಿತ್ತು. ಸೌಟು ಗಾಳಿಯಲ್ಲಿತ್ತು.

"ಅಯ್ಯೋ, ಹೋಯ್ತು!" ಎಂದಿತು ಬೋಗಿ. "ನಾಲ್ಕು ಕಡ್ಡಿ ಇದೆಯಲ್ರೀ!" ಎಂದು ಏಜೆಂಟ್ ತಲೆ ಚಚ್ಚಿಕೊಂಡ. "ಅವ್ರ ಕಡೆ ಕೆಟ್ಟಿರ್ಬೇಕು."

ಭೂತಗನ್ನಡಿಯವರು ಪರದೆಯ ಹತ್ತಿರಕ್ಕೆ ಬಾಗಿದರು. ಅವರ ಕಣ್ಣು ಕೆಲಸ ಶುರುಮಾಡಿಬಿಟ್ಟಿತ್ತು. ಅದನ್ನು ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ತಂಗಿಯ ಹಿಂದೆ ಪಾತ್ರೆಯಿಂದ ಎಳೆಯಾಗಿ ಹಬೆ ಏಳುತ್ತಿತ್ತು. ಎತ್ತಿ ಹಿಡಿದ ಸೌಟಿನ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು. ದಪ್ಪಗಾಯಿತು. ಉದ್ದವಾಯಿತು. ಬಿತ್ತು. ಅವಳು ಕಣ್ಣು ಮಿಟುಕಿಸದೆ ಹಿಡಿದಿಟ್ಟುಕೊಂಡಿದ್ದಳು. ಎಡಗಣ್ಣಿನ ರೆಪ್ಪೆ ಮಾತ್ರ ಸಣ್ಣಗೆ ನಡುಗುತ್ತಿತ್ತು.

ಒಂದು ಬಾಟಲಿಗೆ ಎರಡು ಸೆಕೆಂಡು ಸಾಕು. ತಂಗಿಯನ್ನು ಅವರು ಅರ್ಧ ನಿಮಿಷ ನೋಡಿದರು.

ಆಮೇಲೆ ಗಟ್ಟಿಯಾಗಿ, ಬೋಗಿಗೂ ಕೇಳುವ ಹಾಗೆ ಹೇಳಿದರು: "ಏನೂ ಕಾಣಿಸ್ತಿಲ್ಲ ಕಣೇ. ನೆಟ್ ಹೋಯ್ತು. ಇಡ್ತೀನಿ."

ಪರದೆಯ ಮೇಲೆ ನಿಂತುಹೋಗಿದ್ದ ತಂಗಿಯ ಭುಜ, ಕೂದಲೆಳೆಯಷ್ಟು, ಕೆಳಗಿಳಿಯಿತು. ಭಾರ ಇಳಿಸಿದವರ ಭುಜ ಇಳಿಯುವ ಹಾಗೆ. ಬೇರೆ ಯಾರಿಗೂ ಅದು ಕಾಣಲಿಲ್ಲ. ಭೂತಗನ್ನಡಿಯವರು ಫೋನು ಕಟ್ ಮಾಡಿ ಸ್ವಿಚ್ಚಾಫ್ ಮಾಡಿಬಿಟ್ಟರು.

"ಬೇಜಾರ್ ಮಾಡ್ಕೋಬೇಡಿ," ಎಂದಳು ನರ್ಸಮ್ಮ. "ಅವ್ರಿಗೂ ಹೇಳಿ, ಅವ್ರ ಫೋನ್ ಕವರ್ ಬಿಚ್ಚಲಿ."

"ಹೇಳ್ತೀನಿ," ಎಂದರು.

ಎಲ್ಲರೂ ಡೇಟಾ ಆನ್ ಮಾಡಿದರು. ಅಷ್ಟು ಹೊತ್ತು ಬಾಕಿ ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೋಗಿಯ ತುಂಬ ಟಿಂಗು ಟಿಂಗು ಎಂದವು. ತಲೆಗಳು ತಗ್ಗಿದವು. ಕಾರ್ಖಾನೆಯ ಸ್ಟೇಷನ್ ಬರುವ ತನಕ ಯಾರೂ ಮತ್ತೆ ಮಾತಾಡಲಿಲ್ಲ.

ಅವತ್ತು ಬೆಳಕಿನ ಹಲಗೆಯ ಮುಂದೆ ಕೂತಾಗ ಅವರಿಗೆ ಬಾಟಲಿಗಳ ಬದಲು ಲೋಟಗಳೇ ಕಾಣುತ್ತಿದ್ದವು. ಹನ್ನೆರಡರಲ್ಲಿ ಹನ್ನೊಂದು. ಅವನ್ನು ತೆಗೆದುಹಾಕಿಸಿದಾಗ ತಂಗಿಯ ಮುಖ ಹೇಗಿತ್ತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಲೋಟಗಳ ಬಿರುಕು ಒಂದೊಂದೂ ನೆನಪಿತ್ತು, ಅವಳ ಮುಖ ನೋಡಿದ ನೆನಪೇ ಇರಲಿಲ್ಲ. ಮಧ್ಯಾಹ್ನ ಒಂದು ಬಾಟಲಿ ಬಂತು, ತಳದಲ್ಲಿ ಸಾಸಿವೆಯಷ್ಟು ಗುಳ್ಳೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಅದನ್ನು ಹೋಗಲಿಕ್ಕೆ ಬಿಟ್ಟರು. ಯಾರಿಗೂ ಗೊತ್ತಾಗಲಿಲ್ಲ.

ಸಂಜೆ ಗೇಟಿನಲ್ಲಿ ಫೋನು ಇಸಿದುಕೊಂಡು ಐದೂಮುಕ್ಕಾಲರ ರೈಲು ಹತ್ತಿದರು. ಎದುರಿಗೆ ಟೈಲರು ಬಾಯಿ ತೆರೆದು ನಿದ್ದೆ ಹೋಗಿದ್ದ. ಏಜೆಂಟ್ ಯಾರಿಗೋ ಫೋನಿನಲ್ಲಿ ಸಾವಿನ ಲಾಭ ವಿವರಿಸುತ್ತಿದ್ದ. ಮಗ್ಗುಲಲ್ಲಿ ಬ್ಯಾಂಕಿನ ಹೆಣ್ಣುಮಗಳು, ಎರಡೂ ಕಿವಿಗೆ ಇಯರ್‌ಫೋನು. ಭೂತಗನ್ನಡಿಯವರು ಬಂದು ಕೂತಾಗ ಯಾರೂ ತಲೆ ಎತ್ತಲಿಲ್ಲ. ನಾಳೆಯಿಂದ ಹದಿನೈದು ದಿನ ಈ ರೈಲೂ ಇಲ್ಲ.

ಬೆಳಿಗ್ಗೆ ಇಡೀ ಬೋಗಿ ತಮಗಾಗಿ ಕಾಲೆತ್ತಿದ್ದು ಅವರಿಗೆ ನೆನಪಾಯಿತು. ಚೀಟಿ ಮಡಿಸಿ ಜೇಬಿಗಿಟ್ಟ ಕೈ ನೆನಪಾಯಿತು. ಅವರಿಗೊಂದು ಉಪಾಯ ಹೊಳೆಯಿತು. ಇಂಥ ಕೆಲಸ ಜನ್ಮದಲ್ಲಿ ಮಾಡಿದವರಲ್ಲ. ಫೋನು ಆನ್ ಮಾಡಿ, ಕಡ್ಡಿಗಳು ಮೂಡುವ ಮುಂಚೆಯೇ ತಾವೇ ಗುಟ್ಟಾಗಿ ಡೇಟಾ ಆಫ್ ಮಾಡಿದರು. ನಂತರ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಅಂದರು.

"ಯಾಕೋ ಮತ್ತೆ ನೆಟ್ಟೇ ಬರ್ತಾ ಇಲ್ಲಪ್ಪ!"

ಟೈಲರು ಗೊರಕೆ ಹೊಡೆದ. ಏಜೆಂಟ್ ಕೈ ಅಡ್ಡ ಹಿಡಿದು "ಒಂದ್ನಿಮಿಷ" ಎಂಬಂತೆ ಸನ್ನೆ ಮಾಡಿ ಆ ಕಡೆ ತಿರುಗಿದ. ಭೂತಗನ್ನಡಿಯವರು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಅಂದರು. ಬ್ಯಾಂಕಿನ ಹೆಣ್ಣುಮಗಳು ಒಂದು ಕಿವಿಯ ಇಯರ್‌ಫೋನು ತೆಗೆದಳು. ಅವರು ಸಂಭ್ರಮದಿಂದ ಫೋನು ಚಾಚಿದರು. ಸಿಮ್ ತೆಗೆಯಬೇಕಾದರೆ ಟೈಲರನ್ನು ಎಬ್ಬಿಸಬಹುದು, ಹುಡುಕಬೇಕಾದರೆ ಎಲ್ಲರೂ ಏಳಬಹುದು.

ಅವಳು ಒಂದೇ ಕಡೆ ಒತ್ತಿದಳು. "ಡೇಟಾ ಆಫ್ ಆಗಿತ್ತು ಅಷ್ಟೇ ಅಂಕಲ್." ಫೋನು ವಾಪಸು ಬಂತು, ಇಯರ್‌ಫೋನು ಕಿವಿಗೆ ಹೋಯಿತು. ಎಲ್ಲ ಸೇರಿ ಎರಡು ಸೆಕೆಂಡು.

ನಾಲ್ಕು ಕಡ್ಡಿಗಳೂ ಆಗಲೇ ಮೂಡಿದ್ದವು. ಬೆಳಿಗ್ಗೆಯಿಂದ ಕಾದು ಕೂತಿದ್ದ ಮೆಸೇಜು ಟಿಂಗ್ ಎಂದು ಬಂತು, ತಂಗಿಯದು.

"ಅಣ್ಣಾ, ಇವತ್ತಂತೂ ನಿನ್ನ ಕಡೆ ನೆಟ್ ತುಂಬಾನೇ ಹಾಳು. ಏನೋ ಹೇಳ್ತಾ ಇದ್ದೆ, ಏನೂ ಕೇಳಿಸ್ಲಿಲ್ಲ. ಯಾರ ಹತ್ರಾದ್ರೂ ತೋರಿಸ್ಕೋ."

ಭೂತಗನ್ನಡಿಯವರು ಅದನ್ನು ಎರಡು ಸಲ ಓದಿದರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ "ಸರಿ, ರಜೆ ಮುಗಿದ ಮೇಲೆ ತೋರಿಸ್ಕೋತೀನಿ" ಎಂದು ಬರೆದು ಒತ್ತಿದರು. ಒತ್ತಿದ್ದೇ ತಡ, ತಲುಪಿದ ಗುರುತು ಬಂತು. ಅದರ ಬೆನ್ನಿಗೇ ಅವಳು ಓದಿದ ಗುರುತೂ ಬಂತು. ರೈಲು ಎತ್ತರದ ಕಟ್ಟಡಗಳ ಸಾಲಿನೊಳಗೆ ನುಗ್ಗಿ ಆ ಕಡೆಯಿಂದ ಹೊರಗೆ ಬಂತು. ಅಷ್ಟು ದೂರವೂ ಅವರು ಪರದೆಯನ್ನೇ ನೋಡುತ್ತಿದ್ದರು. ಒಂದು ಕಡ್ಡಿಯೂ ಕಡಿಮೆಯಾಗಲಿಲ್ಲ.